ನೀರು ರಾಜ್ಯದ್ದು, ಸಹಿ ದೆಹಲಿಯದ್ದು: ಯಾವ ಸಚಿವಾಲಯದ ಕೆಲಸ ಯಾವುದು?

ಕರ್ನಾಟಕ-ಗೋವಾ ನಡುವಿನ ಮಹದಾಯಿ ನದಿ ವಿವಾದದ ಸುದ್ದಿಗಳನ್ನು ಸಾಲಾಗಿ ಇಟ್ಟುಕೊಂಡು ಓದಿದರೆ ಯಾರಿಗಾದರೂ ತಲೆ ಕೆಡುತ್ತದೆ. 2018ರ ಆಗಸ್ಟ್‌ನಲ್ಲಿ ನ್ಯಾಯಾಧಿಕರಣ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಅಂತ ತೀರ್ಪು ಕೊಟ್ಟಿತು. 2020ರ ಫೆಬ್ರವರಿಯಲ್ಲಿ ಕೇಂದ್ರ ಅದನ್ನು ಗೆಜೆಟ್‌ನಲ್ಲಿ ಪ್ರಕಟಿಸಿತು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಜಲ ಆಯೋಗ, ಆ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆಯ ವಿವರ ವರದಿಗೆ (ಡಿಪಿಆರ್) ಒಪ್ಪಿಗೆಯನ್ನೂ ಕೊಟ್ಟಿತು. ಇನ್ನೇನು ಕೆಲಸ ಶುರು ಅಂದುಕೊಳ್ಳುವಷ್ಟರಲ್ಲಿ, 2024ರ ಜನವರಿಯಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ವಿಷಯವನ್ನು ಮುಂದೂಡಿತು. ಆಯೋಗವೂ ಕೇಂದ್ರದ್ದೇ, ಮಂಡಳಿಯೂ ಕೇಂದ್ರದ್ದೇ. ಹಾಗಾದರೆ ಕೇಂದ್ರ ಒಪ್ಪಿದೆಯೋ ಇಲ್ಲವೋ?

ಸಂವಿಧಾನದ ಪ್ರಕಾರ ನೀರು, ಕಾಲುವೆ, ನೀರಾವರಿ ಎಲ್ಲ ರಾಜ್ಯದ ವಿಷಯ. ಆದರೂ ದೆಹಲಿಯಲ್ಲಿ ಜಲಶಕ್ತಿ ಸಚಿವಾಲಯ ಇದೆ. ಕೃಷಿ ರಾಜ್ಯದ್ದು, ದೆಹಲಿಯಲ್ಲಿ ಕೃಷಿ ಸಚಿವಾಲಯ ಇದೆ. ಆರೋಗ್ಯಕ್ಕೂ ಇದೇ ಕಥೆ, ಸಹಕಾರಕ್ಕೂ ಇದೇ ಕಥೆ. ಕೆನಡಾದಲ್ಲಿ ಶಿಕ್ಷಣ ಪ್ರಾಂತ್ಯಗಳ ವಿಷಯ, ಅದಕ್ಕೇ ಅಲ್ಲಿ ಒಕ್ಕೂಟ ಸರ್ಕಾರದಲ್ಲಿ ಶಿಕ್ಷಣ ಸಚಿವಾಲಯವೇ ಇಲ್ಲ. ನಮ್ಮಲ್ಲಿ ಹಾಗಾಗಲಿಲ್ಲ. ಯಾಕೆ ಅನ್ನೋದು ಗೊತ್ತಾದರೆ ಈ ಥರದ ಸುದ್ದಿಗಳಲ್ಲಿ ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಎರಡು ಬೇರೆ ಬೇರೆ ಹಂಚಿಕೆ

ಕೆಲಸ ಹಂಚುವ ದಾಖಲೆಗಳು ಎರಡಿವೆ. ನಾವು ಅವೆರಡನ್ನೂ ಒಂದೇ ಅಂದುಕೊಂಡು ಬಿಡುತ್ತೇವೆ.

ಮೊದಲನೆಯದು ಸಂವಿಧಾನದ ಏಳನೇ ಅನುಸೂಚಿ. ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಸಮವರ್ತಿ ಪಟ್ಟಿ (ಕೇಂದ್ರ, ರಾಜ್ಯ ಇಬ್ಬರೂ ಕಾನೂನು ಮಾಡಬಹುದಾದದ್ದು) ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಇದನ್ನೇ. ಸಂವಿಧಾನ ಜಾರಿಗೆ ಬಂದಾಗ ಇವುಗಳಲ್ಲಿ ಕ್ರಮವಾಗಿ 97, 66 ಮತ್ತು 47 ವಿಷಯಗಳಿದ್ದವು. ಇದು ಕೇಂದ್ರಕ್ಕೂ ರಾಜ್ಯಕ್ಕೂ ಇರುವ ಗಡಿರೇಖೆ. ಇದನ್ನು ಬದಲಿಸಬೇಕಾದರೆ ಸಂವಿಧಾನ ತಿದ್ದುಪಡಿ ಆಗಬೇಕು, ಸಂಸತ್ತಿನಲ್ಲಿ ಮೂರನೇ ಎರಡರಷ್ಟು ಮತ ಬೇಕು, ಅದರ ಮೇಲೆ ಕನಿಷ್ಠ ಅರ್ಧದಷ್ಟು ರಾಜ್ಯಗಳ ವಿಧಾನಮಂಡಲಗಳೂ ಒಪ್ಪಬೇಕು.

ಎರಡನೆಯದರ ಹೆಸರು ಕೇಳಿದವರು ಕಮ್ಮಿ. 1961ರ ಕಾರ್ಯಹಂಚಿಕೆ ನಿಯಮಗಳು. ಸಂವಿಧಾನದ 77ನೇ ವಿಧಿಯ ಪ್ರಕಾರ ರಾಷ್ಟ್ರಪತಿ ಹೆಸರಿನಲ್ಲಿ ಹೊರಡುವ ಈ ನಿಯಮಗಳು, ಕೇಂದ್ರ ಸರ್ಕಾರದ ಒಳಗೆ ಯಾವ ಫೈಲ್ ಯಾವ ಸಚಿವಾಲಯದ ಮೇಜಿಗೆ ಹೋಗಬೇಕು ಅಂತ ಹೇಳುತ್ತವೆ. ಇದನ್ನು ಬದಲಿಸಲು ಸಂಸತ್ತಿನ ಮತ ಬೇಡ, ರಾಜ್ಯಗಳನ್ನು ಕೇಳುವ ಅಗತ್ಯವಂತೂ ಇಲ್ಲವೇ ಇಲ್ಲ. ಪ್ರಧಾನಿಯ ಸಲಹೆ, ರಾಷ್ಟ್ರಪತಿಯ ಸಹಿ, ಒಂದು ಗೆಜೆಟ್ ಅಧಿಸೂಚನೆ. ಅಷ್ಟೇ. ಬೆಳಗ್ಗೆ ಇಲ್ಲದ ಸಚಿವಾಲಯ ಸಂಜೆ ಹೊತ್ತಿಗೆ ಇರಬಹುದು.

2019ರ ಮೇ ತಿಂಗಳಲ್ಲಿ ಜಲಶಕ್ತಿ ಸಚಿವಾಲಯ ಹುಟ್ಟಿದ್ದು ಹೀಗೆಯೇ. ಜಲಸಂಪನ್ಮೂಲ ಸಚಿವಾಲಯ ಮತ್ತು ಕುಡಿಯುವ ನೀರು-ನೈರ್ಮಲ್ಯ ಸಚಿವಾಲಯ ಎರಡನ್ನೂ ಸೇರಿಸಿ ಒಂದು ಮಾಡಿದರು. ಆಗ ಸಂವಿಧಾನದಲ್ಲಿ ಒಂದು ಅಕ್ಷರವೂ ಬದಲಾಗಲಿಲ್ಲ, ನೀರಿನ ಮೇಲೆ ಕೇಂದ್ರಕ್ಕೆ ಹೊಸ ಅಧಿಕಾರವೂ ಬರಲಿಲ್ಲ. ಇದ್ದ ಅಧಿಕಾರ ಒಂದೇ ಕಟ್ಟಡಕ್ಕೆ ಬಂತು.

ಸಹಕಾರ ಸಚಿವಾಲಯದ ವಿಷಯದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. 2021ರ ಜುಲೈ ಮೊದಲ ವಾರದಲ್ಲಿ ಕೃಷಿ ಸಚಿವಾಲಯದಿಂದ ಬೇರ್ಪಡಿಸಿ ಹೊಸ ಸಹಕಾರ ಸಚಿವಾಲಯ ಮಾಡಿದರು. ರಾಜ್ಯದ ವಿಷಯಕ್ಕೆ ಕೈ ಹಾಕುತ್ತಿದ್ದಾರೆ ಅಂತ ಕೂಗು ಎದ್ದಿತು. ಅದೇ ತಿಂಗಳ 20ಕ್ಕೆ ಸುಪ್ರೀಂ ಕೋರ್ಟ್ ಇನ್ನೊಂದು ಹಳೆಯ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. 97ನೇ ತಿದ್ದುಪಡಿಯಲ್ಲಿ ರಾಜ್ಯದೊಳಗಿನ ಸಹಕಾರ ಸಂಘಗಳಿಗೆ ಹಾಕಿದ್ದ ನಿಯಮಗಳು ಊರ್ಜಿತವಲ್ಲ, ಯಾಕೆಂದರೆ ರಾಜ್ಯಗಳ ಒಪ್ಪಿಗೆ ಪಡೆದಿಲ್ಲ ಅಂತ. ಒಂದಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಕೆಲಸ ಮಾಡುವ ಸಂಘಗಳು ಮಾತ್ರ ಕೇಂದ್ರದ ಕೆಳಗೆ. ಅಂದರೆ ಒಂದೇ ತಿಂಗಳಲ್ಲಿ ದೆಹಲಿಯಲ್ಲಿ ಹೊಸ ಬೋರ್ಡ್ ನೇತಾಡಿತು, ಅದೇ ದೆಹಲಿಯ ಕೋರ್ಟು ಊರಿನ ಸೊಸೈಟಿ ರಾಜ್ಯದ್ದೇ ಅಂತ ಹೇಳಿತು. ಎರಡಕ್ಕೂ ತಿಕ್ಕಾಟ ಇಲ್ಲ. ಒಂದು ಎರಡನೇ ದಾಖಲೆಯ ವಿಷಯ, ಇನ್ನೊಂದು ಮೊದಲನೆಯದರದ್ದು.

ಹಾಗಾದರೆ ಅಧಿಕಾರ ಇಲ್ಲದ ಕಡೆ ಸಚಿವಾಲಯ ಏನು ಮಾಡುತ್ತದೆ?

ದುಡ್ಡು ಕೊಡುತ್ತದೆ. ಜೊತೆಗೆ ಷರತ್ತು ಹಾಕುತ್ತದೆ.

ಸಂವಿಧಾನದ 282ನೇ ವಿಧಿ ಹೇಳೋದು ಇಷ್ಟು: ಸಾರ್ವಜನಿಕ ಉದ್ದೇಶಕ್ಕೆ ಕೇಂದ್ರ ಅನುದಾನ ಕೊಡಬಹುದು, ಆ ವಿಷಯದಲ್ಲಿ ಸಂಸತ್ತಿಗೆ ಕಾನೂನು ಮಾಡುವ ಅಧಿಕಾರ ಇರದಿದ್ದರೂ ಪರವಾಗಿಲ್ಲ. ಈ ಸಣ್ಣ ಬಾಗಿಲಿನಿಂದಲೇ ಕೇಂದ್ರ ಪುರಸ್ಕೃತ ಯೋಜನೆಗಳೆಂಬ ದೊಡ್ಡ ಮೆರವಣಿಗೆ ಒಳಗೆ ಬಂದಿದ್ದು. ಆರೋಗ್ಯ ಮಿಷನ್, ಸಮಗ್ರ ಶಿಕ್ಷಾ, ಜಲ ಜೀವನ್ ಮಿಷನ್ ಎಲ್ಲ ಈ ಸಾಲಿನವು. ಹೆಚ್ಚಿನ ಯೋಜನೆಗಳಲ್ಲಿ ಕೇಂದ್ರ 60 ರೂಪಾಯಿ ಕೊಟ್ಟರೆ ರಾಜ್ಯ 40 ಹಾಕಬೇಕು. ಜಲ ಜೀವನ್ ಮಿಷನ್‌ನಲ್ಲಿ ಕರ್ನಾಟಕದಂಥ ರಾಜ್ಯಗಳಿಗೆ ಅರ್ಧ-ಅರ್ಧ. ಹಿಮಾಲಯದ ಮತ್ತು ಈಶಾನ್ಯ ರಾಜ್ಯಗಳಿಗೆ ಮಾತ್ರ ಕೇಂದ್ರವೇ 90 ಕೊಡುತ್ತದೆ.

ಹೆಸರು ಯಾರದ್ದು, ಫೋಟೊ ಯಾರದ್ದು ಅನ್ನುವ ಜಗಳ ಇಲ್ಲಿಂದಲೇ ಶುರು. 40 ಅಥವಾ 50 ರೂಪಾಯಿ ಹಾಕಿದ ರಾಜ್ಯಕ್ಕೆ ಇದು 'ಯಾರದ್ದೋ ದುಡ್ಡು ಎಲ್ಲಮ್ಮನ ಜಾತ್ರೆ' ಅನಿಸುತ್ತದೆ. ಕೇಂದ್ರಕ್ಕೋ, ತನ್ನ ಯೋಜನೆಗೆ ರಾಜ್ಯ ಬೇರೆ ಹೆಸರು ಬಳಿದುಕೊಳ್ಳುತ್ತಿದೆ ಅನಿಸುತ್ತದೆ. ಹೆಸರಿನ ಜಗಳ ಸಣ್ಣದು ಬಿಡಿ. ದೊಡ್ಡದು ಷರತ್ತಿನ ಜಗಳ. ತಮಿಳುನಾಡು ರಾಷ್ಟ್ರೀಯ ಶಿಕ್ಷಣ ನೀತಿಗೆ ಜೋಡಿಸಿದ ಪಿಎಂ ಶ್ರೀ ಶಾಲೆಗಳ ಒಪ್ಪಂದಕ್ಕೆ ಸಹಿ ಹಾಕಲಿಲ್ಲ. ಸಮಗ್ರ ಶಿಕ್ಷಾದ 2,000 ಕೋಟಿಗೂ ಹೆಚ್ಚು ದುಡ್ಡು ನಿಂತುಹೋಯಿತು ಅಂತ 2025ರಲ್ಲಿ ಆ ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. ಒಂದು ಯೋಜನೆಯ ಸಹಿ ಇನ್ನೊಂದು ಯೋಜನೆಯ ಬೀಗದ ಕೈ ಆಗಬಹುದಾ ಅನ್ನೋದು ಅಲ್ಲಿನ ನಿಜವಾದ ಪ್ರಶ್ನೆ.

ಇಲ್ಲಿ ಇನ್ನೊಂದು ವಿಷಯ ಸೇರಿಸಬೇಕು. ತೆರಿಗೆಯಲ್ಲಿ ರಾಜ್ಯಗಳ ಪಾಲನ್ನು 14ನೇ ಹಣಕಾಸು ಆಯೋಗ ಶೇ 42ಕ್ಕೆ ಏರಿಸಿತು, 15ನೇ ಆಯೋಗ ಜಮ್ಮು-ಕಾಶ್ಮೀರ ಕೇಂದ್ರಾಡಳಿತ ಪ್ರದೇಶವಾದ ಕಾರಣಕ್ಕೆ ಅದನ್ನು ಶೇ 41 ಮಾಡಿತು. ಈ ದುಡ್ಡಿಗೆ ಷರತ್ತಿಲ್ಲ, ರಾಜ್ಯ ಹೇಗೆ ಬೇಕಾದರೂ ಖರ್ಚು ಮಾಡಬಹುದು. ಆದರೆ ತೆರಿಗೆಯ ಮೇಲೆ ಹೆಚ್ಚುವರಿಯಾಗಿ ಹಾಕುವ ಸೆಸ್ ಮತ್ತು ಸರ್ಚಾರ್ಜ್ ಈ ಲೆಕ್ಕದೊಳಗೆ ಬರುವುದಿಲ್ಲ. ಅದು ಪೂರ್ತಿ ಕೇಂದ್ರದ ಜೇಬಿಗೆ. ಸೆಸ್ ಜಾಸ್ತಿ ಆದಷ್ಟೂ ಷರತ್ತಿಲ್ಲದ ದುಡ್ಡು ಕಮ್ಮಿಯಾಗಿ, ಸಚಿವಾಲಯಗಳ ಕೈಯಿಂದ ಹಾದು ಬರುವ ದುಡ್ಡಿಗೆ ರಾಜ್ಯಗಳು ಕಾಯುವುದು ಹೆಚ್ಚುತ್ತದೆ. ರಾಜ್ಯ ಪಟ್ಟಿಯಲ್ಲಿರುವ ವಿಷಯ ಹಾಗೆಯೇ ಇರುತ್ತದೆ, ನಿರ್ಧಾರ ಮಾತ್ರ ಸದ್ದಿಲ್ಲದೆ ದೆಹಲಿಗೆ ಹೋಗುತ್ತದೆ.

ಕಾಡು ಯಾವಾಗ ಕೇಂದ್ರದ್ದಾಯಿತು?

ಈಗ ಮಹದಾಯಿಗೆ ವಾಪಸ್ ಬರೋಣ. ದುಡ್ಡಿನಷ್ಟೇ ಗಟ್ಟಿಯಾದ ಇನ್ನೊಂದು ಹಿಡಿತ ಅನುಮತಿ. ಅದು ಬಂದಿದ್ದು ತುರ್ತು ಪರಿಸ್ಥಿತಿಯ ಕಾಲದಲ್ಲಿ.

1976ರ 42ನೇ ತಿದ್ದುಪಡಿ ಶಿಕ್ಷಣ, ಅರಣ್ಯ, ವನ್ಯಜೀವಿ ರಕ್ಷಣೆ, ತೂಕ-ಅಳತೆ ಮತ್ತು ಕೆಳ ನ್ಯಾಯಾಲಯಗಳ ಆಡಳಿತ, ಈ ಐದನ್ನು ರಾಜ್ಯ ಪಟ್ಟಿಯಿಂದ ತೆಗೆದು ಸಮವರ್ತಿ ಪಟ್ಟಿಗೆ ಹಾಕಿತು. ಅದಕ್ಕೆ ಮೊದಲು ಪರಿಸ್ಥಿತಿ ಎಷ್ಟು ಬೇರೆ ಇತ್ತು ನೋಡಿ. 1972ರಲ್ಲಿ ವನ್ಯಜೀವಿ ಕಾಯ್ದೆ ಮಾಡುವಾಗ ಸಂಸತ್ತಿಗೆ ನೇರ ಅಧಿಕಾರ ಇರಲಿಲ್ಲ. 252ನೇ ವಿಧಿಯಡಿ ಕೆಲವು ರಾಜ್ಯಗಳೇ ನಿರ್ಣಯ ಮಾಡಿ 'ನಮ್ಮ ಪರವಾಗಿ ನೀವೇ ಕಾನೂನು ಮಾಡಿ' ಅಂತ ಕೇಳಬೇಕಾಯಿತು. 42ನೇ ತಿದ್ದುಪಡಿ ಆದ ಮೇಲೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಗೆ ಈ ಕೇಳೋದು-ಹೇಳೋದು ಯಾವುದೂ ಬೇಕಾಗಲಿಲ್ಲ. ಅರಣ್ಯ ಭೂಮಿಯನ್ನು ಬೇರೆ ಕೆಲಸಕ್ಕೆ ಬಳಸಬೇಕಾದರೆ ಕೇಂದ್ರದ ಒಪ್ಪಿಗೆ ಕಡ್ಡಾಯ ಅಂತ ಆಯಿತು.

ಇದರ ಫಲ ಏನು? ಮಲಪ್ರಭೆಗೆ ನೀರು ತಿರುಗಿಸುವ ಯೋಜನೆ 'ನೀರು' ಅನ್ನುವ ತಲೆಬರಹದಲ್ಲಿ ಪೂರ್ತಿ ರಾಜ್ಯದ್ದು. ನದಿ ಗೋವಾಕ್ಕೆ ಹರಿಯುತ್ತದೆ, ಹಾಗಾಗಿ ಅಂತರರಾಜ್ಯ ವಿವಾದ, ಅದು ನ್ಯಾಯಾಧಿಕರಣದ್ದು. ಡಿಪಿಆರ್‌ನ ತಾಂತ್ರಿಕ ಪರೀಕ್ಷೆ ಜಲ ಆಯೋಗದ್ದು, ಅದು ಜಲಶಕ್ತಿ ಸಚಿವಾಲಯದ ಕೆಳಗೆ. ಕಾಮಗಾರಿ ನಡೆಯುವ ಜಾಗ ಖಾನಾಪುರದ ಕಾಡು, ಹುಲಿಗಳು ಓಡಾಡುವ ಪ್ರದೇಶ, ಹಾಗಾಗಿ ಪರಿಸರ-ಅರಣ್ಯ ಸಚಿವಾಲಯದ ಫೈಲ್ ಬೇರೆ. ಜಲ ಆಯೋಗ ನೋಡೋದು ನೀರು ಲೆಕ್ಕಕ್ಕೆ ಸರಿ ಇದೆಯಾ ಅಂತ. ವನ್ಯಜೀವಿ ಮಂಡಳಿ ನೋಡೋದು ಕಾಡಿಗೆ ಏನಾಗುತ್ತದೆ ಅಂತ. ಮೊದಲನೆಯವರ ಹೌದು ಎರಡನೆಯವರನ್ನು ಕಟ್ಟಿಹಾಕುವುದಿಲ್ಲ. ಸುದ್ದಿಯಲ್ಲಿ ಮಾತ್ರ ಇಬ್ಬರಿಗೂ 'ಕೇಂದ್ರ' ಅಂತ ಒಂದೇ ಹೆಸರು.

ಇದನ್ನು ಸುಮ್ನೆ ಕೆಂಪು ಪಟ್ಟಿ ಅಂತ ತಳ್ಳಿಹಾಕುವುದೂ ತಪ್ಪು. ನೀರಿನ ಸಚಿವಾಲಯದ ಕೈಗೇ ಕಾಡಿನ ಅನುಮತಿಯನ್ನೂ ಕೊಟ್ಟರೆ ಕಾಡಿನ ಪರವಾಗಿ ಮಾತಾಡುವವರು ಆ ಮೇಜಿನ ಸುತ್ತ ಯಾರೂ ಇರುವುದಿಲ್ಲ. ಬೇರೆ ಬೇರೆ ಇಟ್ಟಿದ್ದೇ ಒಬ್ಬರು ಇನ್ನೊಬ್ಬರಿಗೆ ಅಡ್ಡ ನಿಲ್ಲಲಿ ಅಂತ. ತೊಂದರೆ ಇರೋದು ಅಡ್ಡ ನಿಂತಾಗ ಆಮೇಲೇನು ಅನ್ನೋದರಲ್ಲಿ. ಬೇಡ ಅಂದರೆ ಬೇಡ ಅಂತ ಕಾರಣ ಸಮೇತ ಬರೆದುಕೊಡಬೇಕು, ಅದನ್ನು ಪ್ರಶ್ನಿಸಬಹುದು. 'ವಿಷಯ ಕೋರ್ಟಿನಲ್ಲಿದೆ, ಮುಂದೂಡಿದ್ದೇವೆ' ಅಂದುಬಿಟ್ಟರೆ ಯಾರ ಮೇಲೂ ಹೊಣೆ ಕೂರುವುದಿಲ್ಲ.

ಬರಕ್ಕೆ ಒಬ್ಬರು, ನೆರೆಗೆ ಇನ್ನೊಬ್ಬರು

ಪ್ರವಾಹ ಬಂದರೆ ಕೇಂದ್ರದಲ್ಲಿ ನೋಡಿಕೊಳ್ಳೋದು ಗೃಹ ಸಚಿವಾಲಯ. ಬರ ಬಂದರೆ ಕೃಷಿ ಸಚಿವಾಲಯ. ಎರಡಕ್ಕೂ ಹೆಚ್ಚುವರಿ ದುಡ್ಡು ಮಂಜೂರು ಮಾಡೋದು ಮಾತ್ರ ಗೃಹ ಸಚಿವರ ನೇತೃತ್ವದ ಉನ್ನತ ಮಟ್ಟದ ಸಮಿತಿ. ತಮಾಷೆ ಅಂದರೆ 'ವಿಪತ್ತು ನಿರ್ವಹಣೆ' ಅನ್ನುವ ವಿಷಯ ಏಳನೇ ಅನುಸೂಚಿಯ ಮೂರು ಪಟ್ಟಿಗಳಲ್ಲಿ ಎಲ್ಲೂ ಇಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯನ್ನು ಸಮವರ್ತಿ ಪಟ್ಟಿಯ 'ಸಾಮಾಜಿಕ ಭದ್ರತೆ' ಅನ್ನುವ ನಮೂದಿಗೆ ನೇತುಹಾಕಿ ಮಾಡಿದ್ದು.

2023ರ ಬರದಲ್ಲಿ ಈ ಸರಪಳಿ ಪೂರ್ತಿ ಕಾಣಿಸಿತು. ಬರ ಘೋಷಿಸುವುದು ರಾಜ್ಯದ ಕೆಲಸ. ಕರ್ನಾಟಕ ತನ್ನ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿತು. ಕೇಂದ್ರಕ್ಕೆ ಮನವಿ ಹೋಯಿತು, ಕೇಂದ್ರದ ಅಂತರ ಸಚಿವಾಲಯ ತಂಡ ಬಂದು ಹೊಲ ನೋಡಿಕೊಂಡು ಹೋಯಿತು, ವರದಿ ಕೊಟ್ಟಿತು, ಅದು ಸಮಿತಿಯ ಮುಂದೆ ಹೋಗಬೇಕಿತ್ತು, ತಿಂಗಳುಗಳು ಕಳೆದವು. ರಾಜ್ಯ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್‌ಗೆ ಹೋಯಿತು. ಅಷ್ಟರಲ್ಲಿ ಲೋಕಸಭಾ ಚುನಾವಣೆ ಬಂದಿತ್ತು, ಹಾಗಾಗಿ ಚುನಾವಣಾ ಆಯೋಗವನ್ನೂ ಕೇಳಬೇಕಾಯಿತು. ಏಪ್ರಿಲ್ ಕೊನೆಗೆ ದುಡ್ಡು ಬಂತು. ಕೇಳಿದ್ದು 18,171 ಕೋಟಿ, ಬಂದಿದ್ದು ಸುಮಾರು 3,400 ಕೋಟಿ.

ಇದರಲ್ಲಿ ಯಾರು ಸರಿ ಅನ್ನುವುದಕ್ಕೆ ಮೊದಲು ಒಂದು ಮಾತು. ರಾಜ್ಯ ಕೇಳಿದ ಮೊತ್ತ ತನಗೆ ಬೇಕಾದ ನೆರವಿನ ಬಗ್ಗೆ ತಾನೇ ಹಾಕಿದ ಲೆಕ್ಕ. ಕೇಂದ್ರ ಕೊಡೋದು ಹೆಕ್ಟೇರಿಗೆ ಇಷ್ಟು ಅಂತ ಮೊದಲೇ ಗೊತ್ತುಮಾಡಿದ ದರಪಟ್ಟಿ ಪ್ರಕಾರ, ರಾಜ್ಯದ ವಿಪತ್ತು ನಿಧಿಯಲ್ಲಿ ಇರುವ ದುಡ್ಡಿನ ಒಂದು ಭಾಗವನ್ನು ಕಳೆದು. ಆ ನಿಧಿಗೂ ಕರ್ನಾಟಕದಂಥ ರಾಜ್ಯಗಳಿಗೆ ಶೇ 75 ಕೇಂದ್ರವೇ ಹಾಕಿರುತ್ತದೆ. ಲೆಕ್ಕದ ದಾರಿಯೇ ಬೇರೆ ಬೇರೆ ಆದಾಗ ಅಂತರ ಇದ್ದೇ ಇರುತ್ತದೆ. ಆದರೆ ಮುಂಗಾರಿನ ಬೆಳೆ ಹೋದ ರೈತನಿಗೆ ಮುಂದಿನ ಮುಂಗಾರಿನ ಬಾಗಿಲಲ್ಲಿ ಪರಿಹಾರ ಬಂದಿದ್ದಕ್ಕೆ ದರಪಟ್ಟಿ ಕಾರಣ ಅಲ್ಲ. ಅದು ಫೈಲ್ ಮೇಜಿನಿಂದ ಮೇಜಿಗೆ ನಡೆದ ವೇಗದ ವಿಷಯ, ಮತ್ತು ಅಲ್ಲಿ ಕೇಂದ್ರದ ಬಳಿ ಒಳ್ಳೆಯ ಉತ್ತರ ಇದ್ದಂತೆ ಕಾಣುವುದಿಲ್ಲ.

ದೇವರು ಕೊಟ್ಟರೂ ಪೂಜಾರಿ ಕೊಡ

ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯದು ಇನ್ನೊಂದು ಬಗೆಯ ಗೊಂದಲ. 2023ರ ಫೆಬ್ರವರಿಯ ಕೇಂದ್ರ ಬಜೆಟ್ ಭಾಷಣದಲ್ಲಿ ಹಣಕಾಸು ಸಚಿವರು 5,300 ಕೋಟಿ ನೆರವು ಘೋಷಿಸಿದರು. ಬಜೆಟ್‌ನಲ್ಲೇ ಹೇಳಿದ ಮೇಲೆ ಬಂದ ಹಾಗೆ ಅಲ್ವಾ ಅಂತ ಎಲ್ಲರೂ ಅಂದುಕೊಂಡರು. ಬರಲಿಲ್ಲ ಅಂತ ರಾಜ್ಯ ಆಮೇಲೆ ಮತ್ತೆ ಮತ್ತೆ ದೂರಿತು. ಹಣಕಾಸು ಸಚಿವಾಲಯ ದುಡ್ಡಿಗೆ ಜಾಗ ಮಾಡುತ್ತದೆ, ಯೋಜನೆಯ ಯಜಮಾನಿಕೆ ಜಲಶಕ್ತಿ ಸಚಿವಾಲಯದ್ದು. ಅವರು ಅದನ್ನು ತಮ್ಮ ಒಂದು ಯೋಜನೆಯೊಳಗೆ ತರಬೇಕು, ಆಮೇಲೆ ಕೇಂದ್ರ ಸಂಪುಟ ಒಪ್ಪಬೇಕು. ಘೋಷಣೆ ಮೊದಲ ಮೆಟ್ಟಿಲು ಅಷ್ಟೇ, ಅದನ್ನು ಗಮ್ಯ ಅಂತ ಮಾರಿದ್ದು ರಾಜಕೀಯ.

ಅದೇ ವರ್ಷ ಜೂನ್‌ನಲ್ಲಿ ಅನ್ನಭಾಗ್ಯಕ್ಕೆ ಅಕ್ಕಿ ಕೊಳ್ಳುವಾಗ ಆಗಿದ್ದೂ ನೆನಪಿರಬಹುದು. ಭಾರತೀಯ ಆಹಾರ ನಿಗಮ ಅಕ್ಕಿ ಮಾರಲು ಒಪ್ಪಿತು. ಆ ನಿಗಮದ ಮೇಲಿರುವ ಕೇಂದ್ರ ಆಹಾರ ಇಲಾಖೆ ಮರುದಿನವೇ ರಾಜ್ಯಗಳಿಗೆ ಮುಕ್ತ ಮಾರುಕಟ್ಟೆ ಯೋಜನೆಯಡಿ ಮಾರಾಟ ನಿಲ್ಲಿಸಿತು. ಬೆಲೆ ಏರಿಕೆ ತಡೆಯಲು ದಾಸ್ತಾನು ಬೇಕು ಅಂತ ಕೇಂದ್ರ ಹೇಳಿತು, ಬೇಕಂತಲೇ ಮಾಡಿದ್ದು ಅಂತ ರಾಜ್ಯ ಹೇಳಿತು. ಕೊನೆಗೆ ಅಕ್ಕಿಯ ಬದಲು ಕೆಜಿಗೆ 34 ರೂಪಾಯಿ ಲೆಕ್ಕದಲ್ಲಿ ಜನರ ಖಾತೆಗೆ ದುಡ್ಡು ಹಾಕಬೇಕಾಯಿತು.

ಎರಡೂ ಕಡೆಯ ವಾದ

ಕೇಂದ್ರದ ಕಡೆಯ ವಾದದಲ್ಲಿ ತೂಕ ಇಲ್ಲದಿಲ್ಲ. ನದಿಗೆ, ರೋಗಕ್ಕೆ, ಹುಲಿಗೆ ರಾಜ್ಯದ ಗಡಿ ಗೊತ್ತಿಲ್ಲ. ಎಲ್ಲ ರಾಜ್ಯಗಳ ಕೈಯಲ್ಲೂ ಒಂದೇ ಥರ ದುಡ್ಡಿಲ್ಲ; ಬಡ ರಾಜ್ಯದ ಮಗುವಿಗೂ ಲಸಿಕೆ ಸಿಗಬೇಕಾದರೆ ಮೇಲಿನಿಂದ ಯಾರೋ ಕೊಡಬೇಕು. ಕೊಟ್ಟ ದುಡ್ಡಿಗೆ ಲೆಕ್ಕ ಕೇಳುವುದೂ ತಪ್ಪಲ್ಲ. ಬಳಕೆ ಪ್ರಮಾಣಪತ್ರ ಕಳಿಸದೆ ಮುಂದಿನ ಕಂತು ಕೇಳುವ ರಾಜ್ಯಗಳಿಗೇನೂ ಕೊರತೆ ಇಲ್ಲ.

ರಾಜ್ಯಗಳು ಹೇಳೋದು, ಅದೆಲ್ಲ ಸರಿ, ಆದರೆ ಗುರಿ ನೀವು ಕೊಡಿ, ದಾರಿ ನಮಗೆ ಬಿಡಿ ಅಂತ. ಹಿಮಾಚಲದ ಬೆಟ್ಟಕ್ಕೂ ಕಲಬುರಗಿಯ ಬಯಲಿಗೂ ಒಂದೇ ಮಾರ್ಗಸೂಚಿ ಬಂದರೆ ಎಲ್ಲೋ ಒಂದು ಕಡೆ ಅದು ಹೊಂದುವುದಿಲ್ಲ. ಜೊತೆಗೆ ರಾಜ್ಯ ತನ್ನ 40 ರೂಪಾಯಿಯನ್ನು ಕೇಂದ್ರದ ಯೋಜನೆಗೆ ಜೋಡಿಸಿದ ಮೇಲೆ ತನ್ನದೇ ಯೋಜನೆಗೆ ಉಳಿಯುವುದು ಕಮ್ಮಿ. ಬೇಡ ಅಂದರೆ ಆ 60 ಕೈ ತಪ್ಪುತ್ತದೆ. ಹಾಗಾಗಿ ಹೆಸರಿಗೆ ಆಯ್ಕೆ, ನಿಜದಲ್ಲಿ ಕಡ್ಡಾಯ.

ನನ್ನ ಪ್ರಕಾರ ರಾಜ್ಯಗಳ ವಾದ ಹೆಚ್ಚು ಗಟ್ಟಿ, ಮುಖ್ಯವಾಗಿ ಒಂದು ಕಾರಣಕ್ಕೆ. ಈ ಜಗಳಗಳನ್ನು ಕೂತು ಬಗೆಹರಿಸಿಕೊಳ್ಳಲು ಸಂವಿಧಾನ ಒಂದು ಜಾಗ ಕೊಟ್ಟಿದೆ, 263ನೇ ವಿಧಿಯ ಅಂತರರಾಜ್ಯ ಮಂಡಳಿ. ಪ್ರಧಾನಿ ಅಧ್ಯಕ್ಷರು, ಎಲ್ಲ ಮುಖ್ಯಮಂತ್ರಿಗಳು ಸದಸ್ಯರು. ಕೇಂದ್ರ-ರಾಜ್ಯ ಸಂಬಂಧ ಪರಿಶೀಲಿಸಿದ ಸರ್ಕಾರಿಯಾ ಆಯೋಗ ಒತ್ತಿ ಹೇಳಿದ ಮೇಲೆ 1990ರಲ್ಲಿ ಅದು ರಚನೆಯಾಯಿತು. 11ನೇ ಸಭೆ 2016ರ ಜುಲೈನಲ್ಲಿ ನಡೆಯಿತು, ಆಮೇಲೆ ವರ್ಷಗಟ್ಟಲೆ ಸಭೆ ಇಲ್ಲ. ಸಭೆ ಕರೆಯುವ ಅಧಿಕಾರ ಇರೋದು ದೆಹಲಿಯ ಕೈಯಲ್ಲಿ. ಮಾತಾಡುವ ಜಾಗಕ್ಕೆ ಬೀಗ ಬಿದ್ದ ಮೇಲೆ ರಾಜ್ಯಗಳು ಕೋರ್ಟಿಗೆ ಹೋಗುತ್ತವೆ, ಇಲ್ಲ ಜಂತರ್ ಮಂತರ್‌ಗೆ ಹೋಗುತ್ತವೆ. 2024ರ ಫೆಬ್ರವರಿಯಲ್ಲಿ ಕರ್ನಾಟಕದ ಮುಖ್ಯಮಂತ್ರಿಯೇ ಸಂಪುಟ ಸಮೇತ ಅಲ್ಲಿ ಕೂತರು.

ಮುಂದೇನಾಗಬಹುದು?

ಕೋರ್ಟಿನ ಮೇಲಿನ ಹೊರೆ ಹೆಚ್ಚುತ್ತದೆ. ಬರ ಪರಿಹಾರ, ಶಾಲೆಯ ಅನುದಾನ ಇವೆಲ್ಲ ಅಧಿಕಾರಿಗಳು ಒಂದು ಮೇಜಿನ ಸುತ್ತ ಮುಗಿಸಬೇಕಾದ ವಿಷಯಗಳು. ನ್ಯಾಯಮೂರ್ತಿಗಳ ಮುಂದೆ ಹೋದರೆ ಅವರೂ ಹೇಳೋದು ಇದನ್ನೇ, ನೀವೇ ಕೂತು ಮಾತಾಡಿ ಅಂತ. ಕಾಮಗಾರಿಗಳು ತಡವಾಗುತ್ತವೆ, ತಡವಾದಷ್ಟೂ ಅಂದಾಜು ವೆಚ್ಚ ಏರುತ್ತದೆ, ಏರಿದ ಮೇಲೆ ಡಿಪಿಆರ್ ಮತ್ತೆ ಪರಿಷ್ಕರಣೆಗೆ ಹೋಗುತ್ತದೆ. ಮತ ಹಾಕುವವರಿಗೆ ಯಾರನ್ನು ಹಿಡಿಯಬೇಕು ಅನ್ನೋದು ಗೊತ್ತಾಗುವುದಿಲ್ಲ, ರಾಜಕೀಯದವರಿಗೆ ಇದರಿಂದ ನಷ್ಟವೇನೂ ಇಲ್ಲ.

ದೆಹಲಿಯನ್ನು ಬೈಯುವ ಬೆಂಗಳೂರು ತನ್ನ ಕೆಳಗಿನವರ ಜೊತೆ ಹೇಗೆ ನಡೆದುಕೊಳ್ಳುತ್ತದೆ ಅನ್ನೋದನ್ನೂ ನೋಡಬೇಕು. 73ನೇ ತಿದ್ದುಪಡಿ ಪಂಚಾಯ್ತಿಗಳಿಗೆ ಕೊಡಬಹುದಾದ 29 ವಿಷಯಗಳನ್ನು 11ನೇ ಅನುಸೂಚಿಯಲ್ಲಿ ಬರೆದಿದೆ. 'ಕೊಡಬಹುದಾದ' ಅನ್ನೋದನ್ನು ಗಮನಿಸಿ. ಎಷ್ಟು ಕೊಡಬೇಕು ಅಂತ ತೀರ್ಮಾನಿಸೋದು ರಾಜ್ಯ. ಕರ್ನಾಟಕದ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆ ಆಗಲಿಲ್ಲ. ಪಕ್ಷ ಯಾವುದೇ ಇರಲಿ, ಅಧಿಕಾರ ಮೇಲಿನಿಂದ ತನ್ನವರೆಗೆ ಬರಬೇಕು, ತನ್ನಿಂದ ಕೆಳಗೆ ಇಳಿಯಬಾರದು.

ಜಲ ಜೀವನ್ ಮಿಷನ್‌ನ ನಲ್ಲಿಯನ್ನೇ ತೆಗೆದುಕೊಳ್ಳಿ. ಮಾರ್ಗಸೂಚಿ ಜಲಶಕ್ತಿ ಸಚಿವಾಲಯದ್ದು, ಟೆಂಡರ್ ರಾಜ್ಯದ ಗ್ರಾಮೀಣ ಕುಡಿಯುವ ನೀರಿನ ಇಲಾಖೆಯದ್ದು, ದುಡ್ಡು ಅರ್ಧ-ಅರ್ಧ. ಪೈಪ್ ಹಾಕಿ ಮುಗಿದ ಮೇಲೆ ನಿರ್ವಹಣೆ ಗ್ರಾಮ ಪಂಚಾಯ್ತಿಗೆ. ಮೋಟಾರ್ ಸುಟ್ಟರೆ, ಕರೆಂಟ್ ಬಿಲ್ ಬಾಕಿ ಬಿದ್ದರೆ, ಕೊಡ ಹಿಡಿದವರು ಹೋಗಿ ನಿಲ್ಲುವುದು ಆ ಪಂಚಾಯ್ತಿ ಕಚೇರಿಯ ಮುಂದೆ. ಏಳನೇ ಅನುಸೂಚಿಯ ಮೂರು ಪಟ್ಟಿಗಳಲ್ಲಿ ಪಂಚಾಯ್ತಿಯ ಪಾಲಿಗೆ ಅಂತ ಒಂದು ಪಟ್ಟಿಯೂ ಇಲ್ಲ.